ಕಟ್ಟಡ ನೋಡುವ ಕೂಟಕ್ಕೊಂದು ಓಲೆ

ಪ್ರೀತಿಯ ತಂಗಿ,

ಗೆಳತಿಯರೆಲ್ಲ ಸೇರಿ ಹಳೆಯ ಕಟ್ಟಡಗಳನ್ನು ನೋಡುವ ಕೂಟ ಕಟ್ಟುತ್ತೀರಂತೆ! ನಿನ್ನ ಪತ್ರ ಓದಿ ಜೀವಕ್ಕೆ ಹಿತವಾಯಿತು. ಗೋಕಾಕದಲ್ಲಿ ಸೇರಿದರೆ ಅದು ಕರದಂಟು ತಿನ್ನುವ ಕೂಟವೇ ಆಗುತ್ತದೆ ಅಂತ ಅವ್ವ ನಗುತ್ತಿದ್ದಳು. ಅವಳ ಮೊಣಕಾಲು ನೋವು ಈಗ ಕಡಿಮೆ, ಕಾಳಜಿ ಮಾಡಬೇಡ.

‘ನಾವ್ಯಾರೂ ಎಂಜಿನಿಯರ್ ಅಲ್ಲ’ ಎಂದು ಅಳುಕಿದ್ದೀಯಲ್ಲ, ಅದಕ್ಕೇ ನಿನಗೆ ಧಾರವಾಡದ ಸಂಗತಿ ಹೇಳಬೇಕು. ಆಲೂರು ವೆಂಕಟರಾಯರು ಓದಿದ್ದು ಕಾನೂನು. 1905ರಲ್ಲಿ ಹಂಪಿ ನೋಡಿದ ಮೇಲೆ ಆ ಪಾಳು ಗುಡಿಗಳು ಅವರ ಮನಸ್ಸನ್ನು ಬಿಡಲೇ ಇಲ್ಲ. ಆಗ ಬೆಳಗಾವಿ, ಧಾರವಾಡಗಳೆಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ನಮ್ಮದೂ ಒಂದು ನಾಡು ಎಂದು ತೋರಿಸಲು ಆ ತಲೆಮಾರಿನ ಕೈಗೆ ಸಿಕ್ಕಿದ್ದು ಶಾಸನ ಮತ್ತು ಗುಡಿ. 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿತು, 1917ರಲ್ಲಿ ಆಲೂರರ ‘ಕರ್ನಾಟಕ ಗತವೈಭವ’ ಬಂತು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ ಶುರುವಾದದ್ದು 1939ರಲ್ಲಷ್ಟೇ. ಅಲ್ಲಿಯವರೆಗೆ ಅಷ್ಟೂ ವರ್ಷ ಆ ಹಂಬಲವನ್ನು ಕಾಪಾಡಿದವರು ನಿಮ್ಮಂಥ ಆಸಕ್ತರೇ.

ನಿಮಗಂತೂ ನೋಡಲು ಬೇಕಾದಷ್ಟಿದೆ. ಮೂಡಲಗಿ ಕಡೆಯ ಕಲ್ಲೋಳಿಯಲ್ಲಿ ರಟ್ಟರ ಕಾಲದ 1204ರ ಶಾಸನ. ಗೋಕಾಕ ಫಾಲ್ಸಿನಲ್ಲಿ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿ, ತೂಗು ಸೇತುವೆ, 1887ರಿಂದ ನೀರಿನ ಬಲದಲ್ಲೇ ಓಡಿದ ಮಿಲ್ಲು, ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಮಳೆಗಾಲದಲ್ಲಿ ಮಾತ್ರ ಬಂಡೆಯ ಅಂಚಿಗೆ ಹೋಗಬೇಡಿ. ಫೋಟೋ ಹುಚ್ಚು ನಿನಗೆ ಎಷ್ಟಿದೆಯೆಂದು ನನಗೆ ಗೊತ್ತು!

ನಾನಾದರೆ ಮೊದಲು ಹುಕ್ಕೇರಿಗೆ ಹೋಗುತ್ತಿದ್ದೆ. ಆದಿಲ್‌ಶಾಹಿ ಕಾಲದ ಆ ಗುಮ್ಮಟಗಳ ಒಳಗೆ ಸುಮ್ಮನೆ ನಿಂತು ತಲೆ ಎತ್ತಬೇಕು. ಕೆಳಗೆ ನಾಲ್ಕು ಮೂಲೆ, ಮೇಲೆ ದುಂಡು ಗುಮ್ಮಟ. ನಡುವೆ ಮೂಲೆಗಳು ಎಲ್ಲಿ ಕರಗಿದವು? ಮೂಲೆಗೊಂದು ಕಮಾನು ಕೊಟ್ಟು ನಾಲ್ಕನ್ನು ಎಂಟು ಮಾಡಿ, ಎಂಟನ್ನು ದುಂಡಿಗೆ ಹೊಂದಿಸುವುದು ಆ ಕಾಲದ ಗೌಂಡಿಗಳ ಜಾಣತನ. ಅದು ಕಣ್ಣಿಗೆ ಹೊಳೆದ ಗಳಿಗೆಯ ಖುಷಿಯೇ ಬೇರೆ, ಮೈ ಜುಮ್ಮೆನ್ನುತ್ತದೆ.

ಒಂದೇ ಚಿಂತೆ ನನಗೆ. ಜೀರ್ಣೋದ್ಧಾರ ಅಂತ ಹಳ್ಳಿಹಳ್ಳಿಯಲ್ಲಿ ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುತ್ತಾರೆ, ಶಾಸನದ ಮೇಲೆ ಸುಣ್ಣ ಹಚ್ಚುತ್ತಾರೆ. ಭಕ್ತಿಯಿಂದಲೇ ಮಾಡುವವರೊಡನೆ ಜಗಳ ಬೇಡ. ಪೂಜಾರಪ್ಪನ ಹತ್ತಿರ ಕೂತು ಮಾತಾಡಿ, ಊರ ಹಿರಿಯರಿಗೆ ಆ ಕಲ್ಲಿನಲ್ಲಿರುವುದನ್ನು ಓದಿ ಹೇಳಿ. ಕಂಡದ್ದನ್ನೆಲ್ಲ ಅವತ್ತೇ ಒಂದು ವಹಿಯಲ್ಲಿ ಬರೆದಿಡಿ, ತಾರೀಖು ಹಾಕಿ.

ಹುಕ್ಕೇರಿಗೆ ಹೊರಡುವ ಭಾನುವಾರ ಯಾವುದೆಂದು ಮೊದಲೇ ತಿಳಿಸು, ನಾನೂ ಬರುತ್ತೇನೆ.

ನಿನ್ನ
ಅಕ್ಕ