ತಪ್ಪು ಯಾವ ಸಾಲಿನದು?

ಕನ್ನಡ ಎಂ.ಎ. ಮಾಡಿದವನಿಗೆ ಕಂಪ್ಯೂಟರಿನ ಗೊಡವೆ ಏತಕ್ಕೆಂದು ನನ್ನ ಮನೆಯಾಕೆ ಆಗಾಗ ಕೇಳುವುದುಂಟು. ವಿದ್ಯಾರ್ಥಿಗಳಿಗಾಗಿ ಹಳಗನ್ನಡದ ಪುಟ್ಟ ಪದಕೋಶವೊಂದನ್ನು ಕಂಪ್ಯೂಟರಿಗೆ ಅಳವಡಿಸುವ ಹುಚ್ಚು ನನಗೆ ಹಿಡಿದುದೇ ಅದಕ್ಕೆ ಕಾರಣ. ಈ ಕೆಲಸದಲ್ಲಿ ನನಗೆ ಜೊತೆಯಾದವನು ಬಿ.ಎ. ತರಗತಿಯ ಒಬ್ಬ ಮಿತಭಾಷಿ ಹುಡುಗ.

ನಾವು ಬರೆದುದು 2012ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಹೊರತಂದ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ. ಬ್ರೌಸರಿಗೆ ಕೊಡುವ ಮುನ್ನ ಅದನ್ನು ಜಾವಾಸ್ಕ್ರಿಪ್ಟಿಗೆ ಪರಿವರ್ತಿಸಿದೆವು. ಗಾತ್ರ ತಗ್ಗಲೆಂದು ಸಾಲುಗಳನ್ನೆಲ್ಲ ಒತ್ತರಿಸಿ ಒಂದೇ ಸಾಲಾಗಿಸಿದೆವು. ಒಂದು ದಿನ ಪದಕೋಶ ಕೆಟ್ಟು ನಿಂತಿತು. ಯಂತ್ರ ಕೊಟ್ಟ ದೂರು ಇಷ್ಟೇ: 1ನೆಯ ಸಾಲು, 20418ನೆಯ ಅಕ್ಷರ. ಇರುವುದೇ ಒಂದು ಸಾಲು!

ಇಂಥ ಸಂಕಟಕ್ಕೆಂದೇ ಸೋರ್ಸ್ ಮ್ಯಾಪ್ ಎಂಬ ಕಡತವುಂಟು. ಪರಿವರ್ತಿತ ರೂಪದ ಯಾವ ಸ್ಥಾನವು ಮೂಲದ ಎಷ್ಟನೆಯ ಸಾಲಿನಿಂದ ಬಂದಿತೆಂಬುದನ್ನು ಅದು ಸಂಕೇತಾಕ್ಷರಗಳಲ್ಲಿ ಹಿಡಿದಿಟ್ಟಿರುತ್ತದೆ. ಅದು 112ನೆಯ ಸಾಲನ್ನು ತೋರಿಸಿತು. ಮೂಲವನ್ನು ತೆರೆದು ನೋಡಿದೆ; ಹುಡುಗ ಬರೆದ ಸಾಲು! ತರಗತಿಯಲ್ಲಿ ಎಲ್ಲರೆದುರಿಗೇ ಅವನನ್ನು ಗದರಿಸಿದೆ. ಅವನು ತುಟಿ ಬಿಚ್ಚಲಿಲ್ಲ. ಮುಖ ಮಾತ್ರ ಬಾಡಿತು.

ಸಂಜೆ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ಮ್ಯಾಪಿನೊಳಗೇ ಮೂಲದ ಒಂದು ಪ್ರತಿ ಇದೆ. ದಯವಿಟ್ಟು ಅದನ್ನೊಮ್ಮೆ ನೋಡಿ" ಎಂದನು.

ಪರಿವರ್ತನೆಯ ವೇಳೆಯಲ್ಲಿದ್ದ ಮೂಲವನ್ನು ಮ್ಯಾಪು ತನ್ನೊಳಗೇ ಇರಿಸಿಕೊಳ್ಳಬಲ್ಲದು, ನಮ್ಮದು ಇರಿಸಿಕೊಂಡಿತ್ತು. ಆ ಪ್ರತಿಯ 112ನೆಯ ಸಾಲು ನನ್ನದೇ ಆಗಿತ್ತು. ಅರ್ಥವನ್ನೇ ತುಂಬದೆ ಬಿಟ್ಟ ಪದದಲ್ಲಿಯೂ ಅರ್ಥದ ಉದ್ದವನ್ನು ಅಳೆಯಹೊರಟ ಸಾಲು ಅದು! ಪರಿವರ್ತನೆ ಮುಗಿದ ಮೇಲೆ ನಾನು ಕಡತದ ಮೊದಲಿಗೆ 6 ಸಾಲಿನ ಮುನ್ನುಡಿಯೊಂದನ್ನು ಸೇರಿಸಿದ್ದೆ. ಅದರಿಂದ ನನ್ನ ಸಾಲು 118ಕ್ಕೆ ಜಾರಿ, 106ರಲ್ಲಿದ್ದ ಅವನ ಸಾಲು 112ಕ್ಕೆ ಬಂದು ಕುಳಿತಿತ್ತು. ಮ್ಯಾಪು ನಿಜವನ್ನೇ ಹೇಳಿತ್ತು. ನಾನು ತೆರೆದ ಪ್ರತಿ ಬೇರೆಯಾಗಿತ್ತು.

ಯಾವ ಮುದ್ರಣವೆಂದು ಹೇಳದೆ ಪುಟಸಂಖ್ಯೆಯನ್ನು ಕೊಡಬೇಡಿರೆಂದು ಗ್ರಂಥಸಂಪಾದನೆಯ ಪಾಠದಲ್ಲಿ ವರ್ಷವರ್ಷವೂ ಉಪದೇಶಿಸುವವನು ನಾನೇ! ಮರುದಿನ ಅದೇ ತರಗತಿಯಲ್ಲಿ, ಅದೇ ಮಕ್ಕಳೆದುರಿಗೆ, ತಪ್ಪು ನನ್ನದೆಂದು ಒಪ್ಪಿಕೊಂಡೆ. ಹುಡುಗ ತಲೆ ತಗ್ಗಿಸಿ ನಕ್ಕನು.

ನನ್ನ ಸಾಲನ್ನು ತಿದ್ದಿದೆ. ಮುನ್ನುಡಿಯಲ್ಲಿ ಈಗ 7ನೆಯ ಸಾಲೊಂದಿದೆ. ಅದರಲ್ಲಿ ಆ ಹುಡುಗನ ಹೆಸರಿದೆ. ಅದನ್ನು ಸೇರಿಸಿದ ಮೇಲೆ ಮರೆಯದೆ ಮತ್ತೊಮ್ಮೆ ಪರಿವರ್ತಿಸಿದೆನೆಂದು ಬೇರೆ ಹೇಳಬೇಕೆ?