ಮುಷ್ಕರದ ದಿನ ಫ್ರಾಂಕ್‌ಫರ್ಟಿನಲ್ಲಿ

ಮಕ್ಕಳೇ, ನಮ್ಮ ವಳಕಮದಿನ್ನಿಯವರು ಬೆಂಗಳೂರಿಗೆ ಹೊರಟರೆ ಸಿಂಧನೂರಿನವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು. ಮೊದಲ ಬಸ್ಸು ತಡವಾಗಿ ಎರಡನೆಯದು ತಪ್ಪಿದರೆ ನಷ್ಟ ನಮ್ಮದೇ. ವಿಮಾನದಲ್ಲಿ ಇಡೀ ದಾರಿಗೆ ಒಂದೇ ಬುಕಿಂಗ್ ಇದ್ದರೆ ಲೆಕ್ಕ ಬೇರೆ.

ಸ್ಟಾಕ್‌ಹೋಮಿನ ಮಗಳ ಮನೆಯಿಂದ ನಾನೂ ನನ್ನಾಕೆಯೂ ಹೊರಟೆವು. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ನೋಡಿದರೆ ಕಂಪನಿಯ ಪೈಲಟ್‌ಗಳದೇ ಮುಷ್ಕರ. ಬೆಂಗಳೂರಿನ ವಿಮಾನ ರದ್ದು! ಆಕೆಯ ಬಿ.ಪಿ. ಮಾತ್ರೆ ಒಂದೇ ದಿನಕ್ಕಿತ್ತು. “ಮುಷ್ಕರ, ನಾವೇನು ಮಾಡೋಣ?” ಎಂದರು ಕೌಂಟರಿನವರು.

ಆದರೆ ಐರೋಪ್ಯ ಒಕ್ಕೂಟದ 261/2004 ನಿಯಮದಂತೆ ಮುಷ್ಕರವಿದ್ದರೂ ಊಟ, ಹೋಟೆಲು, ಬದಲಿ ವಿಮಾನ ಕೊಡಲೇಬೇಕು. ಕಂಪನಿಯ ಸ್ವಂತ ನೌಕರರು ಸಂಬಳಕ್ಕಾಗಿ ಕಾನೂನುಬದ್ಧವಾಗಿ ಹೂಡುವ ಮುಷ್ಕರ ‘ಕೈಮೀರಿದ ಕಾರಣ’ ಅಲ್ಲವೆಂದು ಐರೋಪ್ಯ ನ್ಯಾಯಾಲಯ 2021ರ ಮಾರ್ಚ್ 23ರಂದು ತೀರ್ಪಿತ್ತಿದೆ. 3,500 ಕಿ.ಮೀ. ಮೀರಿದ ಪ್ರಯಾಣಕ್ಕೆ ಪರಿಹಾರ ತಲಾ 600 ಯೂರೋ. ವಿಮಾನ ಸಂಚಾರ ನಿಯಂತ್ರಕರ ಮುಷ್ಕರವಾದರೆ ಈ ಹಣವಿಲ್ಲ. ನಮ್ಮ ಡಿಜಿಸಿಎ ನಿಯಮವೂ ಮುಷ್ಕರವನ್ನು ಕೈಮೀರಿದ ಕಾರಣಗಳಲ್ಲೇ ಸೇರಿಸಿದೆ.

ಆ ರಾತ್ರಿ ಹೋಟೆಲು ಸಿಕ್ಕಿತು, ಮರುದಿನ ವಿಮಾನವೂ ಸಿಕ್ಕಿತು. ಊರಿಗೆ ಬಂದು ಮೂರು ಪತ್ರ ಬರೆದ ಮೇಲೆ 1,200 ಯೂರೋ ಬಂತು. ಬೋರ್ಡಿಂಗ್ ಪಾಸು, ರದ್ದಾದ ಸಂದೇಶ, ಊಟದ ರಸೀದಿ ಎಲ್ಲವನ್ನೂ ಎತ್ತಿಟ್ಟಿದ್ದೆ. ಬ್ಯಾಂಕಿನಲ್ಲಾಗಲಿ ವಿಮಾನದಲ್ಲಾಗಲಿ, ಚೀಟಿ ಇದ್ದವನ ಮಾತಿಗೆ ಬೆಲೆ. ಮಾತ್ರೆಯನ್ನು ಮಾತ್ರ ನಾಲ್ಕು ದಿನಕ್ಕೆ ಹೆಚ್ಚೇ ಕೈಚೀಲದಲ್ಲಿಡಿ.