ಕರಿಯ ಚೇಳು

ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಸಂಸಾರ ಹೂಡಿ ನಮಗೆ ಹತ್ತೊಂಬತ್ತು ವರ್ಷವಾಯಿತು. ಇದರ ಬಹುಪಾಲು ದೇವರು ಮಾಡಿದ ನೆಲವಲ್ಲ; ಕೊಚ್ಚಿಯ ಬಂದರು ಕಟ್ಟುವಾಗ ಬ್ರಿಸ್ಟೊ ಎಂಬ ಎಂಜಿನಿಯರು ಹಿನ್ನೀರಿನ ಹೂಳೆತ್ತಿ ಸುರಿಸಿ ಮಾಡಿಸಿದ್ದು. ಬೋಟು ಹತ್ತಿದರೆ ಆಚೆಗೆ ಫೋರ್ಟ್ ಕೊಚ್ಚಿ. ಡಿಸೆಂಬರಿನ ಕೊನೆಗೆ ಅಲ್ಲಿ ಕಾರ್ನಿವಲ್ಲಿನ ಗದ್ದಲ. ಊರಿನಿಂದ ನೆಂಟರು ಬಂದರೆ ಚೀನೀ ಬಲೆ ತೋರಿಸುವ ನೆಪದಲ್ಲಿ ನಾವೂ ಹೊರಡುವುದುಂಟು.

2016ರಲ್ಲಿ ಹಾಗೆ ಹೋಗಿದ್ದಾಗ ನಮ್ಮ ಮಗಳು, ಆಗ ಹದಿನೈದರ ಹುಡುಗಿ, ತೋಳಿನ ಮೇಲೆ ಚೇಳು ಬರೆಯಿಸಿಕೊಳ್ಳುವೆನೆಂದು ಹಟ ಹಿಡಿದಳು. ಸೂಜಿಯಿಲ್ಲ, ನೋವಿಲ್ಲ, ಎರಡು ವಾರದಲ್ಲಿ ಅಳಿಸಿಹೋಗುವ ಹಚ್ಚೆ. “ಮೈಲಾಂಜಿಯೇ ಸಾರ್, ಬೇರೇನಲ್ಲ” ಎಂದ ಬರೆಯುವವನು. ಮೈಲಾಂಜಿಯೆಂದರೆ ನಮ್ಮ ಗೋರಂಟಿ. ಗೋರಂಟಿಗೆ ಹೆದರುವ ಕನ್ನಡಿಗರುಂಟೆ? ನೂರು ರೂಪಾಯಿ ಕೊಟ್ಟವರು ನಾವೇ.

ಅರ್ಧ ಗಂಟೆಯಲ್ಲಿ ಚೇಳು ಇದ್ದಿಲಿನಷ್ಟು ಕಪ್ಪಾಯಿತು. ಸಂಶಯ ಬರಬೇಕಾಗಿದ್ದುದು ಆಗಲೇ. ಅರೆದ ಗೋರಂಟಿಯನ್ನು ಇಡೀ ರಾತ್ರಿ ಕೈಗೆ ಕಟ್ಟಿಕೊಂಡು ಮಲಗಿದ ಪೀಳಿಗೆ ನಮ್ಮದು. ಬೆಳಗ್ಗೆ ಕಿತ್ತಳೆ, ಸಂಜೆಗೆ ಇಟ್ಟಿಗೆಗೆಂಪು; ಕಪ್ಪು ಎಂದಾದರೂ ಬಂದದ್ದುಂಟೆ? ಆದರೂ ನಾವು ಚೆನ್ನಾಗಿದೆಯೆಂದು ಹೊಗಳಿ ಬೋಟು ಹತ್ತಿದೆವು.

ಹತ್ತನೆಯ ದಿನ ಚೇಳು ಮೇಲೆದ್ದಿತು. ಕೊಂಡಿ, ಕಾಲು, ಬಾಲ, ಗೆರೆ ತಪ್ಪದೆ ಗುಳ್ಳೆ. ಕೊಬ್ಬರಿ ಎಣ್ಣೆ ಸವರಿದೆವು. ಗುಳ್ಳೆ ಒಣಗಿತು, ಬಿಳಿಯ ಗುರುತು ಕೆಲವು ತಿಂಗಳಿದ್ದು ಮಾಸಿತು. ನಾವೂ ಮರೆತೆವು.

ಮೈ ಮರೆಯಲಿಲ್ಲ. 2023ರಲ್ಲಿ ನಿಶ್ಚಿತಾರ್ಥಕ್ಕೆ ನಾಲ್ಕು ದಿನವಿರುವಾಗ ಅವಳು ಕೂದಲಿಗೆ ಕಂದುಬಣ್ಣ ಹಚ್ಚಿಸಿಕೊಂಡು ಬಂದಳು. ರಾತ್ರಿಗೆ ನೆತ್ತಿಯಲ್ಲಿ ತುರಿಕೆ. ಬೆಳಗ್ಗೆ ನೋಡಿದರೆ ಹಣೆ ಊದಿ, ರೆಪ್ಪೆಗಳು ಅಂಟಿ, ನಮ್ಮ ಮಗಳ ಗುರುತು ನಮಗೇ ಹತ್ತಲಿಲ್ಲ. “ಅಪ್ಪಾ, ಕಣ್ಣು ಬಿಡಕ್ಕಾಗ್ತಿಲ್ಲ” ಎಂದ ದನಿ ಮಾತ್ರ ಅವಳದು. ಎರ್ನಾಕುಲಂಗೆ ಓಡಿದೆವು. ವಯಸ್ಸಾದ ಡಾಕ್ಟರಮ್ಮ ತೋಳನ್ನು ತಿರುಗಿಸಿ ನೋಡಿ ಕೇಳಿದರು: “ಮೋಳೇ, ಎಂದಾದರೂ ಕಪ್ಪು ಮೈಲಾಂಜಿ ಇಟ್ಟಿದ್ದೆಯಾ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಕಾರಣ ಇಷ್ಟೆ. ಬೇಗ ಕಪ್ಪಾಗಲೆಂದು ಅದರಲ್ಲಿ ಪ್ಯಾರಾಫಿನೈಲೀನ್ ಡೈಅಮೀನ್ ಎಂಬ ರಾಸಾಯನಿಕ ಬೆರೆಸುತ್ತಾರೆ. ಕೂದಲ ಬಣ್ಣಗಳಲ್ಲಿ ಇರುವುದೂ ಬಹುಮಟ್ಟಿಗೆ ಅದೇ. ಯುರೋಪಿನಲ್ಲಿ ತಲೆಗೆ ಹಚ್ಚುವಾಗ ಅದು ನೂರಕ್ಕೆ 2ನ್ನು ಮೀರಕೂಡದು, ಚರ್ಮಕ್ಕೆ ಹಚ್ಚಲು ಅಪ್ಪಣೆಯೇ ಇಲ್ಲ. ಬೀದಿಯ ಬಟ್ಟಲಲ್ಲಿ ಎಷ್ಟಿತ್ತೋ ಅಳೆದವರಾರು? ಒಮ್ಮೆ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಂಡಿತೆಂದರೆ ಆ ಹಗೆ ಸಾಮಾನ್ಯವಾಗಿ ಜನ್ಮಕ್ಕೆ ಬಿಡದು. ಮುಂದೆ ಕೆಲವು ಸಲ್ಫಾ ಔಷಧಿಗಳೂ ಮರಗಟ್ಟಿಸುವ ಕೆಲವು ಮುಲಾಮುಗಳೂ ಒಗ್ಗದಿರಬಹುದಂತೆ. ಯಾವ ಡಾಕ್ಟರ ಬಳಿ ಹೋದರೂ ಮೊದಲು ಈ ಕಥೆ ಹೇಳಬೇಕು.

ನಮ್ಮ ಅಜ್ಜಿಯ ಮುಂಗೈಯಲ್ಲಿ ಕೊರವಂಜಿ ಹಾಕಿದ ಹಸಿರು ಹಚ್ಚೆಯಿತ್ತು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚಿದ್ದು. ಎಂಬತ್ತು ವರ್ಷ ಅವರೊಡನೆ ಬಾಳಿತು. ಹಾಗೆಂದು ಅದನ್ನು ಹೊಗಳುವ ಹಾಗೂ ಇಲ್ಲ. ಊರಿಗೆಲ್ಲ ಒಂದೇ ಸೂಜಿ. ಅದರಿಂದ ಯಾರಿಗೆ ಯಾವ ರೋಗ ಅಂಟಿತೆಂದು ಯಾರು ಬರೆದಿಟ್ಟರು?

ಬಣ್ಣದ ಪೆಟ್ಟಿಗೆಯ ಮೇಲೆ ಎಚ್ಚರಿಕೆ ಇದ್ದೇ ಇರುತ್ತದೆ, ನಮ್ಮ ದೇಶದ ಕಾನೂನೇ ಹಾಗೆ. ಕಿವಿಯ ಹಿಂದೆಯೋ ಮುಂಗೈಯ ಒಳಮೈಗೋ ಚೂರು ಹಚ್ಚಿ 24 ಗಂಟೆ ಕಾದು ನೋಡಬೇಕು, ಪ್ರತಿ ಸಲವೂ ನೋಡಬೇಕು, ಹುಬ್ಬಿಗೂ ರೆಪ್ಪೆಗೂ ಹಚ್ಚಲೇಕೂಡದು. 48 ಗಂಟೆ ಕಾದರೆ ಇನ್ನೂ ಲೇಸೆಂದರು ಡಾಕ್ಟರಮ್ಮ. ಕಪ್ಪು ಮೈಲಾಂಜಿಯಿಂದ ಒಮ್ಮೆ ಗುಳ್ಳೆ ಎದ್ದವರಿಗೆ ಮನೆಯ ಪರೀಕ್ಷೆಯೂ ಬೇಡ, ಬಣ್ಣವೂ ಬೇಡ. ನಮ್ಮಲ್ಲಿ ಯಜಮಾನರೆನಿಸಿಕೊಂಡವರು ಇಪ್ಪತ್ತು ವರ್ಷದಿಂದ ತಲೆ ಕರಿದು ಮಾಡಿಕೊಳ್ಳುತ್ತಿದ್ದರೂ ಆ ಅಕ್ಷರಗಳನ್ನು ಓದಿದವರಲ್ಲ. ಈಗ ಭೂತಕನ್ನಡಿ ಹಿಡಿದು ಓದುತ್ತಾರೆ.

ನಿಶ್ಚಿತಾರ್ಥ ಹದಿನೈದು ದಿನ ಮುಂದಕ್ಕೆ ಹೋಯಿತು. ಬೀಗರು ಏನೆಂದುಕೊಳ್ಳುವರೋ ಎಂದು ಒದ್ದಾಡುತ್ತಿದ್ದಾಗ ಬೀಗಿತ್ತಿಯವರೇ ಫೋನು ಮಾಡಿ, “ಹುಡುಗಿ ಕಣ್ಣು ಬಿಟ್ಟಳಾ?” ಎಂದು ಕೇಳಿದರು. ಆ ಒಂದು ಮಾತಿಗೆ ನಮ್ಮ ಅರ್ಧ ಭಾರ ಇಳಿಯಿತು. ಉಳಿದರ್ಧ, ಆ ನೂರು ರೂಪಾಯಿಯದು, ಇನ್ನೂ ಇಳಿದಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಭಾವನ ಮಗಳು ಅಂಥದೇ ಒಂದು ಅಂಗಡಿಯ ಮುಂದೆ ನಿಂತು ಚಿಟ್ಟೆ ಬೇಕೆಂದಳು. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಮಗಳು ತನ್ನ ಫೋನಿನಲ್ಲಿದ್ದ ಊದಿದ ಮುಖದ ಚಿತ್ರ ತೆಗೆದು ತೋರಿಸಿದಳು. ಮಗು ಬಹಳ ಹೊತ್ತು ನೋಡಿ, “ಅಕ್ಕಾ, ನಂಗೆ ಐಸ್ ಕ್ಯಾಂಡಿ ಸಾಕು” ಎಂದಿತು.